ಬೆನ್ನು ಹತ್ತುವ ಜಾಹೀರಾತು: ಫೋನು, ನಂಬರು, ಕಾನೂನು

ಧಾರವಾಡದ ಸಪ್ತಾಪುರದಲ್ಲಿ ಕೋಚಿಂಗ್ ಹುಡುಕುತ್ತಿರುವ ಅಭ್ಯರ್ಥಿ ಇನ್‌ಸ್ಟಾಗ್ರಾಂನಲ್ಲಿ ‘ಉಚಿತ ಡೆಮೊ ಕ್ಲಾಸ್’ ಎಂಬ ಜಾಹೀರಾತು ಒತ್ತುತ್ತಾನೆ. ತೆರೆಯುವ ಫಾರ್ಮಿನಲ್ಲಿ ಹೆಸರು, ಫೋನ್ ನಂಬರ್, ಇಮೇಲ್ ಮೊದಲೇ ತುಂಬಿರುತ್ತವೆ. ಅವನು ಟೈಪ್ ಮಾಡಿದ್ದು ಏನೂ ಇಲ್ಲ. ಖಾತೆಯಲ್ಲಿದ್ದದ್ದೇ ಅಲ್ಲಿ ಬಂದು ಕೂತಿದೆ. ಸಬ್ಮಿಟ್ ಒತ್ತಿದ ಮೇಲೆ ಆ ನಂಬರು ಸಂಸ್ಥೆಯ ಎಕ್ಸೆಲ್ ಹಾಳೆಗೆ ಹೋಗುತ್ತದೆ. ಅಲ್ಲಿಂದ ಜಾಹೀರಾತು ನೋಡಿಕೊಳ್ಳುವ ಏಜೆನ್ಸಿಗೆ ಹೋಗಬಹುದು, ‘ಗ್ರಾಹಕರ ಪಟ್ಟಿ’ ಎಂಬ ಹೆಸರಿನಲ್ಲಿ ತಿರುಗಿ ಫೇಸ್‌ಬುಕ್ಕಿಗೇ ಬರಬಹುದು. ಆಮೇಲೆ ಕರೆಗಳ ಕಾಟ.

ಹೀಗೆ ಬೆನ್ನು ಹತ್ತುವ ಜಾಹೀರಾತು ತಡೆಯುವುದು ಹೇಗೆ ಎಂದು ಹೇಳುವ ಹೊರದೇಶದ ಮಾರ್ಗದರ್ಶಿಗಳು ಕುಕೀಗಳಿಂದ, ಅಂದರೆ ವೆಬ್‌ಸೈಟುಗಳು ಬ್ರೌಸರ್‌ನಲ್ಲಿ ಇಟ್ಟುಹೋಗುವ ಸಣ್ಣ ಗುರುತಿನ ಕಡತಗಳಿಂದ, ಶುರುವಾಗುತ್ತವೆ. ನಮ್ಮ ಕಡೆ ಅದರಿಂದ ಸಿಗುವ ಲಾಭ ಕಡಿಮೆ. ಇಲ್ಲಿ ಬಹಳಷ್ಟು ಜನರ ಇಂಟರ್ನೆಟ್ ಎಂದರೆ ಆಂಡ್ರಾಯ್ಡ್ ಫೋನು. ಕೊಪ್ಪಿಕರ್ ರಸ್ತೆಯ ಅಂಗಡಿ ಬಿಲ್ಲು, ಗ್ಯಾಸ್ ಬುಕಿಂಗ್, ಯುಪಿಐ, ಮಕ್ಕಳ ಶಾಲೆಯ ವಾಟ್ಸಾಪ್ ಗುಂಪು, ಎಲ್ಲಕ್ಕೂ ಅದೇ ಹತ್ತು ಅಂಕಿ. ಕುಕೀ ಅಳಿಸಬಹುದು, ನಂಬರು ಬದಲಿಸುವುದು ಸುಲಭವಲ್ಲ. ಆದ್ದರಿಂದ ಇಲ್ಲಿ ಮೊದಲು ಫೋನಿನ ಸೆಟ್ಟಿಂಗ್, ಆಮೇಲೆ ನಂಬರು, ಕೊನೆಗೆ ದೂರು ಎಲ್ಲಿ ಕೊಡಬೇಕು ಎಂಬುದು. ಕೆಳಗಿನ ಐದರಲ್ಲಿ ಮೊದಲ ಎರಡು ಹೆಜ್ಜೆ ಚಿಗರಿ ಬಸ್ ಹತ್ತಿ ಹುಬ್ಬಳ್ಳಿಯಿಂದ ಧಾರವಾಡ ಮುಟ್ಟುವುದರೊಳಗೆ ಮುಗಿಯುತ್ತವೆ.

ಫೋನು ಕಿವಿಗೊಟ್ಟು ಕೇಳುತ್ತದೆಯೇ?

‘ಬೋರ್‌ವೆಲ್ ಮೋಟಾರ್ ಬಗ್ಗೆ ಮಾತಾಡಿದ್ವಿ, ತಾಸಿನ್ಯಾಗ ಅದರದ್ದ ಜಾಹೀರಾತು ಬಂತು’ ಎನ್ನುವವರು ಬಹಳ. ಇದನ್ನು ವಿವರಿಸಲು ಮೈಕಿನ ಅವಶ್ಯಕತೆಯೇ ಇಲ್ಲ. ಗದುಗಿನ ಒಂದು ಮನೆಯಲ್ಲಿ ಅಪ್ಪ ಗೂಗಲ್‌ನಲ್ಲಿ ಮೋಟಾರ್ ದರ ಹುಡುಕಿದ, ಮಗ ಅದೇ ವೈಫೈನಲ್ಲಿದ್ದಾನೆ ಎನ್ನಿ. ಹೊರಗಿನ ಸರ್ವರ್‌ಗಳಿಗೆ ಇಬ್ಬರೂ ಒಂದೇ ಐಪಿ ವಿಳಾಸದಿಂದ (ಇಂಟರ್ನೆಟ್ ಸಂಪರ್ಕದ ಗುರುತಿನ ಸಂಖ್ಯೆ) ಬಂದವರು. ಒಬ್ಬರ ಕಾಂಟ್ಯಾಕ್ಟ್‌ಗಳಲ್ಲಿ ಇನ್ನೊಬ್ಬರ ನಂಬರಿದೆ, ರಾತ್ರಿ ಎರಡೂ ಫೋನು ಒಂದೇ ಸ್ಥಳದಲ್ಲಿರುತ್ತವೆ. ಒಂದೇ ಮನೆಯವರು ಎಂದು ಲೆಕ್ಕ ಹಾಕಲು ಇಷ್ಟು ಸಾಕು. ಮಾತು ಕದ್ದು ಕೇಳುವುದಕ್ಕಿಂತ ಇದು ಅಗ್ಗ.

ಈ ಸುಳಿವುಗಳನ್ನೆಲ್ಲ ಒಬ್ಬನೇ ಮನುಷ್ಯನಿಗೆ ಗಂಟು ಹಾಕುವ ದಾರಗಳು ಮೂರು: ಫೋನಿನ ಜಾಹೀರಾತು ಐಡಿ, ನೀವು ಲಾಗಿನ್ ಆಗಿರುವ ಖಾತೆ, ನಿಮ್ಮ ನಂಬರು. ಮೊದಲನೆಯದನ್ನು ಪೂರ್ತಿ ಕಡಿಯಬಹುದು, ಎರಡನೆಯದನ್ನು ಅರ್ಧ ಕಡಿಯಬಹುದು. ಮೂರನೆಯದು ಸೆಟ್ಟಿಂಗ್‌ನಿಂದ ಹೋಗುವುದಿಲ್ಲ, ಕೊಡದೇ ಇರುವುದೊಂದೇ ದಾರಿ.

ಹೆಜ್ಜೆ 1: ಜಾಹೀರಾತು ಐಡಿ ಅಳಿಸಿ

ಪ್ರತಿ ಆಂಡ್ರಾಯ್ಡ್ ಫೋನಿಗೂ ಗೂಗಲ್ ಒಂದು ಉದ್ದನೆಯ ಗುರುತಿನ ಸಂಖ್ಯೆ ಕೊಟ್ಟಿರುತ್ತದೆ. ಆಟದ ಆ್ಯಪ್, ಹವಾಮಾನದ ಆ್ಯಪ್, ಸುದ್ದಿಯ ಆ್ಯಪ್ ಎಲ್ಲವೂ ಅದನ್ನೇ ಓದುವುದರಿಂದ, ಬೇರೆ ಬೇರೆ ಆ್ಯಪ್‌ಗಳಲ್ಲಿ ಮಾಡಿದ್ದು ಒಂದೇ ಖಾತೆಯ ಲೆಕ್ಕಕ್ಕೆ ಸೇರುತ್ತದೆ.

ಸೆಟ್ಟಿಂಗ್ಸ್ → ಗೂಗಲ್ → ಆಲ್ ಸರ್ವಿಸಸ್ → ಆಡ್ಸ್ → ಡಿಲೀಟ್ ಅಡ್ವರ್ಟೈಸಿಂಗ್ ಐಡಿ.

ಪಕ್ಕದಲ್ಲಿ ‘ರೀಸೆಟ್’ ಎಂಬುದೂ ಕಾಣುತ್ತದೆ. ಅದು ಹಳೆಯ ಸಂಖ್ಯೆ ತೆಗೆದು ಹೊಸದನ್ನು ಕೊಡುತ್ತದೆ, ಅಷ್ಟೇ. ಲೆಕ್ಕ ಮತ್ತೆ ಶುರು. ಡಿಲೀಟ್ ಮಾಡಿದರೆ ಕೇಳಿದ ಆ್ಯಪ್‌ಗೆ ಬರೀ ಸೊನ್ನೆಗಳ ಸಾಲು ಸಿಗುತ್ತದೆ. ಯಾವ ಆ್ಯಪ್ ಕೂಡ ಇದರಿಂದ ಕೆಡುವುದಿಲ್ಲ. ದಾರಿ ಸಿಗದಿದ್ದರೆ ಸೆಟ್ಟಿಂಗ್ಸ್‌ನ ಹುಡುಕುವ ಪೆಟ್ಟಿಗೆಯಲ್ಲಿ ‘ಆಡ್ಸ್’ ಎಂದು ಇಂಗ್ಲಿಷಿನಲ್ಲಿ ಬರೆಯಿರಿ.

ಫೋನ್ ಕಂಪನಿಯ ಸ್ವಂತ ಜಾಹೀರಾತು ವ್ಯವಸ್ಥೆ ಬೇರೆಯೇ ಇರುತ್ತದೆ. ಶಿಯೋಮಿ, ರೆಡ್ಮಿಯಲ್ಲಿ ಪಾಸ್‌ವರ್ಡ್ಸ್ ಆ್ಯಂಡ್ ಸೆಕ್ಯುರಿಟಿ → ಆಥರೈಸೇಶನ್ ಆ್ಯಂಡ್ ರಿವೊಕೇಶನ್‌ಗೆ ಹೋಗಿ ‘ಎಂಎಸ್‌ಎ’ ಆಫ್ ಮಾಡಬೇಕು. ಹತ್ತು ಸೆಕೆಂಡ್ ಎಣಿಸಲು ಬಿಡುತ್ತದೆ, ಮುಗಿದ ಮೇಲೆ ‘ರಿವೋಕ್’ ಒತ್ತಿದರೂ ಮೊದಲ ಸಲ ಆಗುವುದಿಲ್ಲ ಎಂಬ ಸಂದೇಶ ಬರುವುದುಂಟು. ಇಂಟರ್ನೆಟ್ ಆನ್ ಇಟ್ಟುಕೊಂಡು ಮೂರ್ನಾಲ್ಕು ಸಲ ಮಾಡಿ, ಆಗುತ್ತದೆ. ಸ್ಯಾಮ್‌ಸಂಗ್‌ನಲ್ಲಿ ಪ್ರೈವಸಿ ವಿಭಾಗದ ‘ಕಸ್ಟಮೈಸೇಶನ್ ಸರ್ವಿಸ್’ ಆಫ್ ಮಾಡಿ. ದೊಡ್ಡ ಸಾಫ್ಟ್‌ವೇರ್ ಅಪ್‌ಡೇಟ್ ಬಂದ ಮೇಲೆ ಇವನ್ನು ಇನ್ನೊಮ್ಮೆ ನೋಡಿ, ತಾವಾಗಿಯೇ ಮರಳಿ ಆನ್ ಆಗಿರಬಹುದು.

ಐಫೋನ್‌ನಲ್ಲಿ ಪ್ರೈವಸಿ ಆ್ಯಂಡ್ ಸೆಕ್ಯುರಿಟಿ → ಟ್ರ್ಯಾಕಿಂಗ್‌ಗೆ ಹೋಗಿ ‘ಅಲೋ ಆ್ಯಪ್ಸ್ ಟು ರಿಕ್ವೆಸ್ಟ್ ಟು ಟ್ರ್ಯಾಕ್’ ಆಫ್ ಮಾಡಿದರೆ ಸಾಕು. 2021ರ ಏಪ್ರಿಲ್‌ನಿಂದ ಅಲ್ಲಿ ಆ್ಯಪ್‌ಗಳು ಕೇಳದೆ ಐಡಿ ಓದುವಂತಿಲ್ಲ.

ಹೆಜ್ಜೆ 2: ಪರ್ಮಿಷನ್

ಸೆಟ್ಟಿಂಗ್ಸ್‌ನಲ್ಲಿ ‘ಪರ್ಮಿಷನ್ ಮ್ಯಾನೇಜರ್’ ತೆರೆದು ಲೊಕೇಶನ್, ಕಾಂಟ್ಯಾಕ್ಟ್ಸ್ ಎರಡನ್ನು ಮಾತ್ರ ನೋಡಿ. ಉಳಿದದ್ದು ಆಮೇಲೆ.

ಲೊಕೇಶನ್‌ನಲ್ಲಿ ‘ಅಲೋ ಆಲ್ ದ ಟೈಮ್’ ಪಟ್ಟಿಯಲ್ಲಿ ಇರುವುದನ್ನೆಲ್ಲ ‘ಬಳಸುವಾಗ ಮಾತ್ರ’ಕ್ಕೆ ಇಳಿಸಿ. ‘ಫೈಂಡ್ ಹಬ್’ನಂಥ ಕಳೆದ ಫೋನ್ ಹುಡುಕುವ ಸೇವೆಯೊಂದನ್ನು ಬಿಡಿ. ಆಂಡ್ರಾಯ್ಡ್ 12ರಿಂದ ಈಚೆಗೆ ‘ಯೂಸ್ ಪ್ರಿಸೈಸ್ ಲೊಕೇಶನ್’ ಎಂಬ ಸ್ವಿಚ್ ಇದೆ. ಅದನ್ನು ಆಫ್ ಮಾಡಿದರೆ ಆ್ಯಪ್‌ಗೆ ಸುಮಾರು 3 ಚದರ ಕಿಲೋಮೀಟರ್‌ನ ಅಂದಾಜು ಮಾತ್ರ ಸಿಗುತ್ತದೆ. ಬ್ಯಾಡಗಿ ಮೆಣಸಿನಕಾಯಿ ದರ ತೋರಿಸುವ ಆ್ಯಪ್‌ಗೆ ನೀವು ಬ್ಯಾಡಗಿಯಲ್ಲಿದ್ದೀರಿ ಎಂದು ಗೊತ್ತಾದರೆ ಸಾಲದೇ? ಯಾವ ಓಣಿ ಎಂಬುದು ಅದಕ್ಕೆ ಯಾಕೆ? ಟ್ಯಾಕ್ಸಿ, ಊಟ ತರಿಸುವ ಆ್ಯಪ್‌ಗಳಿಗೆ ಮಾತ್ರ ನಿಖರ ಸ್ಥಳ ಬೇಕು. ಅವುಗಳಲ್ಲಿ ಆಫ್ ಮಾಡಿದರೆ ಊಟ ತರುವ ಹುಡುಗ ಮುಂದಿನ ಕ್ರಾಸಿನಲ್ಲಿ ನಿಂತು ಫೋನ್ ಮಾಡುತ್ತಾನೆ.

ಕಾಂಟ್ಯಾಕ್ಟ್ಸ್ ವಿಚಾರ ಇದಕ್ಕಿಂತ ಗಂಭೀರ. ಅಲ್ಲಿ ನೀವು ಕೊಡುತ್ತಿರುವುದು ಇನ್ನೊಬ್ಬರ ನಂಬರು. ವಾಟ್ಸಾಪ್, ಫೋನ್, ಮೆಸೇಜ್ ಬಿಟ್ಟು ಉಳಿದವಕ್ಕೆ ‘ಡೋಂಟ್ ಅಲೋ’. ಯುಪಿಐ ಆ್ಯಪ್‌ಗೆ ಕೊಡದಿದ್ದರೂ ನಂಬರ್ ಬರೆದು ಅಥವಾ ಕ್ಯೂಆರ್ ಹಿಡಿದು ಹಣ ಕಳಿಸಬಹುದು.

ಬೇಡವಾದ ಆ್ಯಪ್ ತೆಗೆಯುವಾಗ ಒಂದು ಎಚ್ಚರ: ಅನ್‌ಇನ್‌ಸ್ಟಾಲ್ ಮಾಡಿದರೆ ನಿಮ್ಮ ಫೋನಿನಿಂದ ಹೋಗುತ್ತದೆ, ಅವರ ಸರ್ವರ್‌ನಿಂದ ಅಲ್ಲ. ಮೊದಲು ಆ್ಯಪ್‌ನೊಳಗೆ ‘ಡಿಲೀಟ್ ಅಕೌಂಟ್’ ಹುಡುಕಿ. ಖಾತೆ ತೆರೆಯಲು ಬಿಡುವ ಆ್ಯಪ್‌ಗಳು ಅಳಿಸುವ ದಾರಿಯನ್ನೂ ಕೊಡಲೇಬೇಕು ಎಂಬುದು ಪ್ಲೇ ಸ್ಟೋರಿನ ನಿಯಮ. ಅದೇ ಪ್ಲೇ ಸ್ಟೋರಿನ ‘ಡೇಟಾ ಸೇಫ್ಟಿ’ ಭಾಗವನ್ನು ಮಾತ್ರ ಪೂರ್ತಿ ನಂಬಬೇಡಿ. ಅದು ಆ್ಯಪ್ ಮಾಡಿದವರೇ ಬರೆದುಕೊಂಡದ್ದು.

ಹೆಜ್ಜೆ 3: ಗೂಗಲ್ ಮತ್ತು ಮೆಟಾ ಖಾತೆ

ಗೂಗಲ್‌ನಲ್ಲಿ: ಮ್ಯಾನೇಜ್ ಯುವರ್ ಗೂಗಲ್ ಅಕೌಂಟ್ → ಡೇಟಾ ಆ್ಯಂಡ್ ಪ್ರೈವಸಿ. ಇಲ್ಲಿ ಮೂರು ದಾಖಲೆ ಇವೆ: ವೆಬ್ ಆ್ಯಂಡ್ ಆ್ಯಪ್ ಆ್ಯಕ್ಟಿವಿಟಿ, ಟೈಮ್‌ಲೈನ್, ಯೂಟ್ಯೂಬ್ ಹಿಸ್ಟರಿ. ಮೊದಲೆರಡನ್ನು ಆಫ್ ಮಾಡಿ. ಯೂಟ್ಯೂಬ್ ಹಿಸ್ಟರಿ ಆಫ್ ಮಾಡಿದರೆ ಮುಖಪುಟ ಖಾಲಿ ಹೊಡೆಯುತ್ತದೆ. ಅದು ಬೇಡವಾದರೆ ‘ಆಟೋ ಡಿಲೀಟ್’ನಲ್ಲಿ 3 ತಿಂಗಳು ಆರಿಸಿ. ಆಫ್ ಮಾಡುವುದು ಮುಂದಿನದಕ್ಕೆ ಮಾತ್ರ, ಹಿಂದಿನದನ್ನು ಬೇರೆಯಾಗಿ ಅಳಿಸಬೇಕು. ಬಹಳ ಜನ ಇಲ್ಲೇ ತಪ್ಪುತ್ತಾರೆ. ಆಮೇಲೆ ‘ಮೈ ಆಡ್ ಸೆಂಟರ್’ಗೆ ಹೋಗಿ ‘ಪರ್ಸನಲೈಸ್ಡ್ ಆಡ್ಸ್’ ಆಫ್. ಇಷ್ಟನ್ನೇ ಮಾಡಿ ಸುಮ್ಮನಾದರೆ ಸಂಗ್ರಹ ನಿಲ್ಲುವುದಿಲ್ಲ, ಅದನ್ನು ಜಾಹೀರಾತು ಆರಿಸಲು ಬಳಸುವುದು ನಿಲ್ಲುತ್ತದೆ.

ಫೇಸ್‌ಬುಕ್, ಇನ್‌ಸ್ಟಾಗ್ರಾಂ ಎರಡೂ ಮೆಟಾ ಕಂಪನಿಯವು, ಎರಡಕ್ಕೂ ‘ಅಕೌಂಟ್ಸ್ ಸೆಂಟರ್’ ಒಂದೇ. ಅಲ್ಲಿ ‘ಯುವರ್ ಇನ್‌ಫರ್ಮೇಶನ್ ಆ್ಯಂಡ್ ಪರ್ಮಿಷನ್ಸ್’ ಒಳಗೆ ‘ಯುವರ್ ಆ್ಯಕ್ಟಿವಿಟಿ ಆಫ್ ಮೆಟಾ ಟೆಕ್ನಾಲಜೀಸ್’ ಇದೆ. ಫೇಸ್‌ಬುಕ್ಕಿನ ಹೊರಗೆ, ಯಾವ ಯಾವ ಅಂಗಡಿ, ಆ್ಯಪ್, ವೆಬ್‌ಸೈಟು ನಿಮ್ಮ ಬಗ್ಗೆ ಮೆಟಾಗೆ ವರದಿ ಕಳಿಸಿವೆ ಎಂಬ ಪಟ್ಟಿ ಅದು. ಅಳಿಸುವ ಮೊದಲು ಒಂದು ಸಲ ಓದಿ. ಈ ಇಡೀ ವ್ಯವಹಾರ ಏನು ಎಂಬುದು ಆ ಪುಟದಷ್ಟು ಬಿಡಿಸಿ ಇನ್ನೆಲ್ಲೂ ಕಾಣುವುದಿಲ್ಲ. ಆಮೇಲೆ ‘ಕ್ಲಿಯರ್ ಪ್ರೀವಿಯಸ್’, ನಂತರ ‘ಡಿಸ್‌ಕನೆಕ್ಟ್ ಫ್ಯೂಚರ್ ಆ್ಯಕ್ಟಿವಿಟಿ’. ಜಾರಿಗೆ 48 ಗಂಟೆ ಹಿಡಿಯಬಹುದು. ಫೇಸ್‌ಬುಕ್ ಮೂಲಕ ಲಾಗಿನ್ ಆಗಿದ್ದ ಬೇರೆ ಆ್ಯಪ್‌ಗಳಿಂದ ಹೊರಬೀಳುತ್ತೀರಿ, ಆದ್ದರಿಂದ ಅವುಗಳಿಗೆ ಮೊದಲೇ ಬೇರೆ ಪಾಸ್‌ವರ್ಡ್ ಇಟ್ಟುಕೊಳ್ಳಿ.

‘ಆಡ್ ಪ್ರಿಫರೆನ್ಸಸ್’ನಲ್ಲಿ ‘ಆಡಿಯನ್ಸ್ ಬೇಸ್ಡ್ ಅಡ್ವರ್ಟೈಸಿಂಗ್’ ನೋಡಿ. ನಿಮ್ಮನ್ನು ಪಟ್ಟಿಯಲ್ಲಿ ಸೇರಿಸಿದ ಜಾಹೀರಾತುದಾರರ ಹೆಸರು ಅಲ್ಲಿರುತ್ತದೆ. ಪಟ್ಟಿಯಲ್ಲಿನ ನಂಬರು ಹ್ಯಾಶ್ ಆಗಿ, ಅಂದರೆ ಗುರುತು ಸಿಗದ ಅಕ್ಷರಸಾಲಾಗಿ ಹೋಗುತ್ತದೆ ಎಂದು ಕಂಪನಿಗಳು ಸಮಾಧಾನ ಹೇಳುತ್ತವೆ. ಆದರೆ ಮೆಟಾ ಬಳಿಯೂ ನಿಮ್ಮ ನಂಬರಿದೆ, ಅದನ್ನೂ ಅದೇ ರೀತಿ ಹ್ಯಾಶ್ ಮಾಡಿ ಹೋಲಿಸಿದರೆ ಎರಡೂ ತಾಳೆಯಾಗುತ್ತವೆ. ತಾಳೆಯಾಗಲೆಂದೇ ಮಾಡಿದ ವ್ಯವಸ್ಥೆ ಅದು.

ವಾಟ್ಸಾಪ್ ಖಾತೆಯನ್ನು ಅಕೌಂಟ್ಸ್ ಸೆಂಟರಿಗೆ ಜೋಡಿಸಿ ಎಂದು ಸೂಚನೆ ಬಂದರೆ ಬೇಡ ಎನ್ನಬಹುದು. ಜೋಡಿಸದಿದ್ದರೂ ವಾಟ್ಸಾಪ್ ನಡೆಯುತ್ತದೆ.

ಹೆಜ್ಜೆ 4: ಪ್ರೈವೇಟ್ ಡಿಎನ್‌ಎಸ್

ಇಡೀ ಪಟ್ಟಿಯಲ್ಲಿ ಕಡಿಮೆ ಶ್ರಮಕ್ಕೆ ಹೆಚ್ಚು ಫಲ ಕೊಡುವ ಹೆಜ್ಜೆ ಇದು. ಆ್ಯಪ್ ಜಾಹೀರಾತು ತರಿಸುವ ಮೊದಲು ಆ ಸರ್ವರ್‌ನ ಹೆಸರು ಹೇಳಿ ವಿಳಾಸ ಕೇಳುತ್ತದೆ. ಆ ವಿಳಾಸ ಹೇಳುವುದು ಡಿಎನ್‌ಎಸ್. ಜಾಹೀರಾತು, ಟ್ರ್ಯಾಕಿಂಗ್ ಸರ್ವರ್‌ಗಳ ವಿಳಾಸ ಹೇಳದಿರುವ ಡಿಎನ್‌ಎಸ್ ಇಟ್ಟರೆ ಕೆಲಸ ಅಲ್ಲಿಗೇ ನಿಂತಿತು.

ಆಂಡ್ರಾಯ್ಡ್ 9 ಅಥವಾ ಮೇಲಿನದು ಬೇಕು. ಸೆಟ್ಟಿಂಗ್ಸ್ → ನೆಟ್‌ವರ್ಕ್ ಆ್ಯಂಡ್ ಇಂಟರ್ನೆಟ್ → ಪ್ರೈವೇಟ್ ಡಿಎನ್‌ಎಸ್. ಕೆಲವು ಫೋನುಗಳಲ್ಲಿ ‘ಕನೆಕ್ಷನ್ಸ್’ ಒಳಗಿರುತ್ತದೆ. ‘ಹೋಸ್ಟ್‌ನೇಮ್’ ಆಯ್ದು, ಇಂಗ್ಲಿಷಿನ ಸಣ್ಣಕ್ಷರದಲ್ಲಿ dns.adguard-dns.com ಎಂದು ಬರೆಯಿರಿ: ಡಿಎನ್‌ಎಸ್, ಚುಕ್ಕೆ, ಆಡ್‌ಗಾರ್ಡ್, ಅಡ್ಡಗೆರೆ, ಡಿಎನ್‌ಎಸ್, ಚುಕ್ಕೆ, ಕಾಮ್. ನಡುವೆ ಜಾಗ ಬಿಡಬೇಡಿ, ಶುರುವಿನಲ್ಲಿ ಎಚ್‌ಟಿಟಿಪಿ ಹಾಕಬೇಡಿ. ಸೇವ್ ಮಾಡಿ ಯಾವುದಾದರೂ ಸುದ್ದಿ ಪುಟ ತೆರೆದರೆ ಜಾಹೀರಾತಿನ ಜಾಗ ಖಾಲಿ ಇರಬೇಕು.

ಕೆಡುವುದು ಎಲ್ಲಿ ಎಂದರೆ: ಒಂದು, ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ಇಂಟರ್ನೆಟ್ ಪೂರ್ತಿ ನಿಲ್ಲುತ್ತದೆ, ಪ್ರೈವೇಟ್ ಡಿಎನ್‌ಎಸ್ ಸಿಗುತ್ತಿಲ್ಲ ಎಂಬ ಸೂಚನೆ ಬರುತ್ತದೆ. ಎರಡು, ಕೆಲವು ಕಚೇರಿ, ಕಾಲೇಜುಗಳ ವೈಫೈನಲ್ಲಿ ಇದು ಬಳಸುವ 853ನೇ ಪೋರ್ಟ್ (ನೆಟ್‌ವರ್ಕಿನ ಬಾಗಿಲು) ಮುಚ್ಚಿರುತ್ತದೆ, ಆಗಲೂ ಅದೇ ಲಕ್ಷಣ. ಮೂರು, ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದಂಥ ಕಡೆ ಒಟಿಪಿ ಕೇಳುವ ವೈಫೈ ಪುಟವೇ ತೆರೆಯದೇ ಇರಬಹುದು. ಮೂರಕ್ಕೂ ಮದ್ದು ಒಂದೇ, ತಾತ್ಕಾಲಿಕವಾಗಿ ‘ಆಟೋಮ್ಯಾಟಿಕ್’ಗೆ ಹಾಕಿ. ಕ್ಯಾಶ್‌ಬ್ಯಾಕ್ ಲಿಂಕು, ಗೂಗಲ್ ಹುಡುಕಾಟದ ಮೇಲ್ತುದಿಯ ‘ಸ್ಪಾನ್ಸರ್ಡ್’ ಲಿಂಕು ತೆರೆಯುವುದಿಲ್ಲ; ಅದು ದೋಷವಲ್ಲ, ಅವು ಜಾಹೀರಾತು ಸರ್ವರ್ ದಾಟಿಯೇ ಹೋಗುತ್ತವೆ.

ಯೂಟ್ಯೂಬ್ ಮತ್ತು ಫೇಸ್‌ಬುಕ್ಕಿನೊಳಗಿನ ಜಾಹೀರಾತು ಇದರಿಂದ ಹೋಗುವುದಿಲ್ಲ. ವಿಡಿಯೋ ಬರುವ ಸರ್ವರ್‌ನಿಂದಲೇ ಜಾಹೀರಾತೂ ಬರುವುದರಿಂದ ಒಂದನ್ನು ಬಿಟ್ಟು ಇನ್ನೊಂದನ್ನು ತಡೆಯಲಾಗದು. ಇನ್ನೊಂದು ಮಾತು: ನೀವು ಯಾವ ಯಾವ ಸೈಟಿಗೆ ಹೋಗುತ್ತೀರಿ ಎಂಬುದು ಈಗ ಆ ಡಿಎನ್‌ಎಸ್ ನಡೆಸುವ ಕಂಪನಿಗೆ ಗೊತ್ತಾಗುತ್ತದೆ. ನಂಬಿಕೆ ಒಬ್ಬರಿಂದ ಇನ್ನೊಬ್ಬರಿಗೆ ಹೋಯಿತು, ಮಾಯವಾಗಲಿಲ್ಲ.

ಬ್ರೌಸರ್ ಬಗ್ಗೆ ಎರಡೇ ಸಾಲು. ಫೈರ್‌ಫಾಕ್ಸ್ ಹಾಕಿಕೊಂಡು ಜಾಹೀರಾತು ತಡೆಯುವ ‘ಯುಬ್ಲಾಕ್ ಒರಿಜಿನ್’ ಎಂಬ ಸೇರ್ಪಡೆ ಹಾಕಿ. ಆಂಡ್ರಾಯ್ಡ್‌ನ ಸಾಮಾನ್ಯ ಕ್ರೋಮ್‌ಗೆ ಅದು ಹತ್ತುವುದಿಲ್ಲ. ಕ್ರೋಮ್ ಬಿಡಲಾಗದವರು ಸೈಟ್ ಸೆಟ್ಟಿಂಗ್ಸ್‌ನಲ್ಲಿ ಥರ್ಡ್ ಪಾರ್ಟಿ ಕುಕೀಗಳನ್ನು (ತೆರೆದ ಸೈಟಿನವಲ್ಲದ, ಬೇರೆ ಕಂಪನಿಗಳ ಕುಕೀಗಳನ್ನು) ತಾವೇ ತಡೆಯಬೇಕು, ಏಕೆಂದರೆ ಅವನ್ನು ತೆಗೆಯುತ್ತೇವೆ ಎಂದು 2020ರಲ್ಲಿ ಹೇಳಿದ್ದ ಗೂಗಲ್ 2024ರಲ್ಲಿ ಆ ಯೋಜನೆ ಕೈಬಿಟ್ಟಿತು.

ಹೆಜ್ಜೆ 5: ನಂಬರು

ದುರ್ಗದಬೈಲಿನ ಅಂಗಡಿಯಲ್ಲಿ ಬಿಲ್ಲಿಗೆ ನಂಬರ್ ಕೇಳಿದರೆ ಕೊಡಲೇಬೇಕೆಂದಿಲ್ಲ. ನಂಬರ್ ಕೊಡದಿದ್ದರೆ ಮಾರುವುದಿಲ್ಲ ಎಂದು ಅಂಗಡಿಯವರು ಹಟ ಹಿಡಿಯಬಾರದು ಎಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇನಲ್ಲಿ ಸೂಚನೆ ಕೊಟ್ಟಿದೆ. ‘ನಂಬರ್ ಬ್ಯಾಡ್ರೀ ಅಣ್ಣಾರ, ಬಿಲ್ ಅಷ್ಟ ಹರದು ಕೊಡ್ರಿ’ ಎಂದರೆ ಬಹುತೇಕ ಕಡೆ ಮುಗಿಯಿತು. ಕಂಪ್ಯೂಟರ್ ಮುಂದೆ ಹೋಗುವುದಿಲ್ಲ ಎಂದರೆ ಅಂಗಡಿಯ ನಂಬರನ್ನೇ ಹಾಕಲು ಹೇಳಿ. ವಾರಂಟಿಗೆ ಬೇಕಾದದ್ದು ಬಿಲ್ಲು ಮತ್ತು ಸಾಮಾನಿನ ಸೀರಿಯಲ್ ನಂಬರ್. ಜಗ್ಗಾಡುವ ಪ್ರಸಂಗ ಬಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಆನ್‌ಲೈನ್ ಫಾರ್ಮಿನಲ್ಲಿ ಮೊದಲೇ ತುಂಬಿದ ನಂಬರ್ ಅಳಿಸಿ. ಕೋಚಿಂಗ್ ಸೆಂಟರಿನ ಶುಲ್ಕ ತಿಳಿಯಲು ಸಪ್ತಾಪುರಕ್ಕೆ ಹೋಗಿ ಬೋರ್ಡ್ ನೋಡುವುದು, ಇಲ್ಲವೇ ನೀವೇ ಅವರಿಗೆ ಇಮೇಲ್ ಮಾಡುವುದು ಮೇಲು. ಜಿಮೇಲ್‌ನಲ್ಲಿ ನಿಮ್ಮ ಹೆಸರಾದ ಮೇಲೆ ಪ್ಲಸ್ ಚಿಹ್ನೆ, ಅದಾದ ಮೇಲೆ ಒಂದು ಗುರುತಿನ ಪದ ಸೇರಿಸಿ ಕೊಟ್ಟರೂ ಪತ್ರ ನಿಮಗೇ ಬರುತ್ತದೆ, ಬೇರೆ ಯಾರಿಂದಲೋ ಆ ವಿಳಾಸಕ್ಕೆ ಪತ್ರ ಬಂದರೆ ಯಾರು ಹಂಚಿದರು ಎಂದು ಗೊತ್ತಾಗುತ್ತದೆ. ಕೆಲವು ಫಾರ್ಮುಗಳು ಪ್ಲಸ್ ಒಪ್ಪುವುದಿಲ್ಲ.

ಈಗಾಗಲೇ ಹಂಚಿಹೋದ ನಂಬರಿಗೆ ಇರುವುದು ಪ್ರಚಾರದ ಕರೆ ಬೇಡ ಎನ್ನುವ ನೋಂದಣಿ, ಅಂದರೆ ಡಿಎನ್‌ಡಿ. 1909ಕ್ಕೆ ಕರೆ ಮಾಡಿ ಅಥವಾ ದೂರಸಂಪರ್ಕ ನಿಯಂತ್ರಕ ಸಂಸ್ಥೆ ಟ್ರಾಯ್‌ನ ಡಿಎನ್‌ಡಿ ಆ್ಯಪ್ ಹಾಕಿ ನೋಂದಾಯಿಸಿ. ಎಲ್ಲವನ್ನೂ ತಡೆಯಬಹುದು, ಇಲ್ಲವೇ ಶಿಕ್ಷಣ, ರಿಯಲ್ ಎಸ್ಟೇಟ್, ಬ್ಯಾಂಕಿಂಗ್‌ನಂಥ ವರ್ಗ ಮಾತ್ರ ಆರಿಸಬಹುದು. ಬ್ಯಾಂಕಿನ ಒಟಿಪಿ ಬರುವುದು ನಿಲ್ಲುವುದಿಲ್ಲ, ಹೆದರಬೇಕಿಲ್ಲ. 140ರಿಂದ ಶುರುವಾಗುವ ಕರೆ ನೋಂದಾಯಿತ ಪ್ರಚಾರದ್ದು. ಕಾಟ ಹೆಚ್ಚು ಬರುವುದು ಸಾಮಾನ್ಯ ಹತ್ತಂಕಿ ನಂಬರಿನಿಂದ. ಅದಕ್ಕೆ ಬ್ಲಾಕ್ ಒತ್ತಿ ಸುಮ್ಮನಾಗುವುದಕ್ಕಿಂತ ದೂರು ಕೊಡುವುದು ಪರಿಣಾಮಕಾರಿ. ಟ್ರಾಯ್ ನಿಯಮಗಳ 2025ರ ಫೆಬ್ರುವರಿಯ ತಿದ್ದುಪಡಿಯ ಪ್ರಕಾರ ಕರೆ ಬಂದ 7 ದಿನದೊಳಗೆ ದೂರಬಹುದು. 10 ದಿನದಲ್ಲಿ 5 ದೂರು ಬಿದ್ದರೆ ಆ ನಂಬರಿನ ಮೇಲೆ ಕ್ರಮ ಶುರುವಾಗುತ್ತದೆ. ಮೊದಲ ಸಲ ಹೊರಹೋಗುವ ಕರೆ 15 ದಿನ ಬಂದ್, ಮರುಕಳಿಸಿದರೆ ಒಂದು ವರ್ಷ ಸಂಪರ್ಕವೇ ಕಡಿತ. ಒಂದೇ ನಂಬರಿನಿಂದ ಮನೆಯ ಮೂವರಿಗೆ ಕರೆ ಬಂದಿದ್ದರೆ ಮೂವರೂ ದೂರು ಕೊಡಿ.

ಸಾಲದ ಆ್ಯಪ್ ಬೇರೆಯೇ ಮಟ್ಟದ ಅಪಾಯ. ಡಿಜಿಟಲ್ ಸಾಲದ ಆ್ಯಪ್‌ಗಳು ಕಾಂಟ್ಯಾಕ್ಟ್ಸ್, ಕಾಲ್ ಲಾಗ್, ಫೋಟೋ ಮುಟ್ಟಬಾರದು ಎಂದು ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರ್‌ನಲ್ಲೇ ನಿಯಮ ಮಾಡಿದೆ. ಕ್ಯಾಮೆರಾ, ಮೈಕು, ಲೊಕೇಶನ್ ಕೂಡ ಕೆವೈಸಿಗೆ ಒಂದು ಸಲ ಮಾತ್ರ, ಅದೂ ನಿಮ್ಮ ಒಪ್ಪಿಗೆ ಪಡೆದು. ಹಾಗಿದ್ದೂ ಕಾಂಟ್ಯಾಕ್ಟ್ಸ್ ಕೇಳುತ್ತಿದೆ ಎಂದರೆ ಅದು ವಾಟ್ಸಾಪ್ ಲಿಂಕಿನಿಂದ ಇಳಿಸಿದ ಎಪಿಕೆ (ಪ್ಲೇ ಸ್ಟೋರಿನ ಹೊರಗಿನ ಆ್ಯಪ್ ಕಡತ) ಇರಬಹುದು, ಅಲ್ಲೇ ಕೈಬಿಡಿ. ರಿಸರ್ವ್ ಬ್ಯಾಂಕಿನ ವೆಬ್‌ಸೈಟಿನಲ್ಲಿ 2025ರ ಜುಲೈನಿಂದ ಡಿಜಿಟಲ್ ಸಾಲದ ಆ್ಯಪ್‌ಗಳ ಪಟ್ಟಿ ಇದೆ, ಹೆಸರು ಹುಡುಕಿ ನೋಡಿ. ಬೆದರಿಕೆ ಶುರುವಾಗಿದ್ದರೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಕಾನೂನು ಎಲ್ಲಿಗೆ ಬಂದಿದೆ

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2017ರ ಆಗಸ್ಟ್ 24ರಂದು, ಪುಟ್ಟಸ್ವಾಮಿ ಪ್ರಕರಣದಲ್ಲಿ. ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬರಲು 2023ರ ಆಗಸ್ಟ್ ಆಯಿತು, ಅದರ ನಿಯಮಗಳಿಗೆ 2025ರ ನವೆಂಬರ್. ದೂರು ವಿಚಾರಿಸುವ ದತ್ತಾಂಶ ಸಂರಕ್ಷಣಾ ಮಂಡಳಿಗೆ ಸಂಬಂಧಿಸಿದ ಭಾಗ ಕೂಡಲೇ ಜಾರಿಗೆ ಬಂತು. ನಮಗೆ ಬೇಕಾದ ಮುಖ್ಯ ಭಾಗಕ್ಕೆ, ಅಂದರೆ ನನ್ನ ಮಾಹಿತಿ ತೋರಿಸಿ, ತಿದ್ದಿ, ಅಳಿಸಿ ಎಂದು ಕೇಳುವ ಹಕ್ಕಿಗೆ, 18 ತಿಂಗಳ ಅವಧಿ ಇಟ್ಟಿದ್ದಾರೆ. ಲೆಕ್ಕಕ್ಕೆ 2027ರ ಮೇ. 18 ವರ್ಷದೊಳಗಿನವರನ್ನು ಗುರಿಯಿಟ್ಟು ಜಾಹೀರಾತು ತೋರಿಸುವುದಕ್ಕೆ ನಿಷೇಧವೂ ಅದರಲ್ಲೇ ಇದೆ. ದಂಡ ಗರಿಷ್ಠ 250 ಕೋಟಿ ರೂಪಾಯಿ. ಆದರೆ ಆ ಹಣ ಸರ್ಕಾರಕ್ಕೆ. ನೊಂದವರಿಗೆ ಪರಿಹಾರ ಕೊಡುವ ಮಾತು ಈ ಕಾಯ್ದೆಯಲ್ಲಿ ಇಲ್ಲ. ಅದು ಇದರ ದೊಡ್ಡ ಕೊರತೆ.

ದೊಡ್ಡ ಕಂಪನಿಗಳಿಗೆ ಈವರೆಗೆ ಬಿಸಿ ಮುಟ್ಟಿಸಿದ್ದು ಭಾರತೀಯ ಸ್ಪರ್ಧಾ ಆಯೋಗ. ಆಂಡ್ರಾಯ್ಡ್ ವಿಚಾರದಲ್ಲಿ 2022ರ ಅಕ್ಟೋಬರ್‌ನಲ್ಲಿ ಗೂಗಲ್‌ಗೆ 1337.76 ಕೋಟಿ ರೂ. ದಂಡ ಹಾಕಿತು. ವಾಟ್ಸಾಪ್‌ನ 2021ರ ‘ಒಪ್ಪಿ, ಇಲ್ಲವೇ ಬಿಡಿ’ ಎಂಬ ಖಾಸಗಿತನದ ನೀತಿಗೆ 2024ರ ನವೆಂಬರ್‌ನಲ್ಲಿ ಮೆಟಾಗೆ 213.14 ಕೋಟಿ ರೂ. ಮೇಲ್ಮನವಿ ನ್ಯಾಯಮಂಡಳಿ 2025ರ ನವೆಂಬರ್‌ನಲ್ಲಿ ಆ ದಂಡ ಎತ್ತಿಹಿಡಿದು, ಜಾಹೀರಾತಿಗಾಗಿ ದತ್ತಾಂಶ ಹಂಚಿಕೊಳ್ಳಬಾರದೆಂದು ಆಯೋಗ ಹಾಕಿದ್ದ ಐದು ವರ್ಷದ ನಿಷೇಧವನ್ನು ತೆಗೆದುಹಾಕಿತು. ಜನಸಾಮಾನ್ಯರಿಗೆ ದಂಡಕ್ಕಿಂತ ಆ ನಿಷೇಧವೇ ಹೆಚ್ಚು ಉಪಯೋಗಕ್ಕೆ ಬರುತ್ತಿತ್ತು.

ಈಗಲೇ ದೂರು ಕೊಡುವ ಕ್ರಮ

2021ರ ಐಟಿ ನಿಯಮಗಳ ಪ್ರಕಾರ ಫೇಸ್‌ಬುಕ್, ಗೂಗಲ್‌ನಂಥ ಪ್ರತಿ ಕಂಪನಿಗೂ ಕುಂದುಕೊರತೆ ಅಧಿಕಾರಿ ಇರಬೇಕು. ಅವರ ಹೆಸರು, ವಿಳಾಸ ಕಂಪನಿಯ ವೆಬ್‌ಸೈಟಿನ ಕೆಳತುದಿಯಲ್ಲೋ ಪ್ರೈವಸಿ ಪಾಲಿಸಿಯ ಕೊನೆಯಲ್ಲೋ ಸಿಗುತ್ತದೆ. ದೂರು ಮುಟ್ಟಿದ್ದಕ್ಕೆ 24 ಗಂಟೆಯಲ್ಲಿ ಸ್ವೀಕೃತಿ, 7 ದಿನದಲ್ಲಿ ಉತ್ತರ ಬರಬೇಕು (2026ರ ಫೆಬ್ರುವರಿವರೆಗೆ ಇದು 15 ದಿನವಿತ್ತು). ಉತ್ತರ ಸಮಾಧಾನ ತರದಿದ್ದರೆ 30 ದಿನದೊಳಗೆ ಕೇಂದ್ರದ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಆನ್‌ಲೈನ್‌ನಲ್ಲೇ ಹೋಗಬಹುದು, ವಕೀಲರು ಬೇಕಿಲ್ಲ.

ಪತ್ರದಲ್ಲಿ ಸಿಟ್ಟು ಬೇಡ, ಪ್ರಶ್ನೆ ಇರಲಿ: ನನ್ನ ನಂಬರು ನಿಮಗೆ ಯಾವ ದಿನ, ಯಾರಿಂದ ಬಂತು? ನೀವು ಯಾರ ಯಾರಿಗೆ ಕೊಟ್ಟಿದ್ದೀರಿ? ಅಳಿಸಿ, ಅಳಿಸಿದ್ದನ್ನು ಬರವಣಿಗೆಯಲ್ಲಿ ತಿಳಿಸಿ. ಜೊತೆಗೆ ದಿನಾಂಕ, ಸಮಯ ಕಾಣುವ ಸ್ಕ್ರೀನ್‌ಶಾಟ್ ಇರಲಿ. ಸಪ್ತಾಪುರದ ಕೋಚಿಂಗ್ ಸೆಂಟರಿಗೂ ಇದೇ ಪತ್ರ ಕಳಿಸಬಹುದು. ಅವರು ಐಟಿ ನಿಯಮದ ವ್ಯಾಪ್ತಿಗೆ ಬರುವುದಿಲ್ಲ, ಆದರೆ 2027ರಿಂದ ಹೊಸ ಕಾಯ್ದೆಗೆ ಉತ್ತರ ಹೇಳಬೇಕಾದವರೇ. ಆಗ ಮಂಡಳಿಗೆ ಹೋಗುವ ಮೊದಲು ಸಂಸ್ಥೆಗೇ ದೂರು ಕೊಟ್ಟಿರಬೇಕು ಎಂಬ ಷರತ್ತಿದೆ, ಆದ್ದರಿಂದ ಕಳಿಸಿದ ಇಮೇಲ್‌ಗಳನ್ನು ಅಳಿಸದೆ ಇಟ್ಟುಕೊಳ್ಳಿ. ಸುಳ್ಳು ದೂರಿಗೆ 10,000 ರೂಪಾಯಿವರೆಗೆ ದಂಡವೂ ಅದೇ ಕಾಯ್ದೆಯಲ್ಲಿದೆ. ಒಪ್ಪಿಗೆ ಕೇಳುವ ಸೂಚನೆಯನ್ನು ಸಂವಿಧಾನದ ಎಂಟನೇ ಪರಿಚ್ಛೇದದ ಯಾವ ಭಾಷೆಯಲ್ಲಾದರೂ ಓದುವ ಅವಕಾಶ ಕೊಡಬೇಕು ಎಂದು 6ನೇ ಕಲಂ ಹೇಳುತ್ತದೆ. ಆ ಪಟ್ಟಿಯಲ್ಲಿ ಕನ್ನಡವಿದೆ. ಇಂಗ್ಲಿಷಿನ ನಾಲ್ಕು ಪುಟ ತೋರಿಸಿ ‘ಐ ಅಗ್ರೀ’ ಒತ್ತಿಸಿಕೊಳ್ಳುವ ಆ್ಯಪ್‌ಗೆ, ಕನ್ನಡದ ಪ್ರತಿ ಎಲ್ಲಿದೆ ಎಂದು ಕೇಳುವ ಸಾಲನ್ನೂ ಪತ್ರಕ್ಕೆ ಸೇರಿಸಬಹುದು.